ತುಳಸಿ ಒಂದೇ, ಎಣ್ಣೆ ಬೇರೆ ಬೇರೆ: ಸುಗಂಧ ಬೆಳೆಗೆ ಕಲಬುರಗಿಯ ಬಿಸಿಲು ಏನು ಮಾಡುತ್ತದೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ರೈತರ ಮೊಬೈಲಿಗೆ ಈಗೀಗ ಎರಡು ಥರದ ವಿಡಿಯೊಗಳು ಬರುತ್ತಿವೆ. ಬಿಸಿಲು ಹೆಚ್ಚಿದಷ್ಟೂ ಗಿಡದಲ್ಲಿ ಎಣ್ಣೆ ಹೆಚ್ಚು, ಆದ್ದರಿಂದ ಮಜ್ಜಿಗೆ ಹುಲ್ಲು, ತುಳಸಿ, ಪಾಮರೋಸ ಎಂಬ ಸುಗಂಧದ ಹುಲ್ಲು ಹಾಕಿ ಎನ್ನುತ್ತದೆ ಒಂದು. ಔಷಧಿ ಗಿಡಕ್ಕೆ ತವರು ನೆಲದಲ್ಲಿ ಬೆಳೆದರೆ ಮಾತ್ರ ಗುಣ, ಬಯಲಿನಲ್ಲಿ ಬೆಳೆದದ್ದು ಬರೀ ಸೊಪ್ಪು ಎನ್ನುತ್ತದೆ ಇನ್ನೊಂದು. ಇಬ್ಬರೂ ವಿಜ್ಞಾನದ ಹೆಸರನ್ನೇ ಎತ್ತುತ್ತಾರೆ. ನಡುವೆ ಜಮ್ಮುವಿನ ದೋಡಾ ಜಿಲ್ಲೆಯ ನೇರಳೆ ಲ್ಯಾವೆಂಡರ್ ಹೊಲಗಳ ಚಿತ್ರ ಬಂದು ಆಸೆ ಹುಟ್ಟಿಸುತ್ತದೆ.

ಇದರ ಮೇಲೆ ಮತ್ತೊಂದು ಗೊಂದಲ. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೂರು ರಾಸಾಯನಿಕಗಳ ಬಗ್ಗೆ ತನ್ನ ತೀರ್ಮಾನ ಪ್ರಕಟಿಸಿತು. ಸುದ್ದಿಯೆಲ್ಲ ಸಕ್ಕರೆ ಬದಲು ಬಳಸುವ ಆಸ್ಪರ್ಟೇಮ್ ಸುತ್ತಲೇ ತಿರುಗಿತು. ಅದೇ ಪಟ್ಟಿಯಲ್ಲಿದ್ದ ಮೀಥೈಲ್ ಯುಜಿನಾಲ್ ಕಡೆ ಹೆಚ್ಚು ಜನ ನೋಡಲಿಲ್ಲ. ಆಸ್ಪರ್ಟೇಮ್ ‘ಕ್ಯಾನ್ಸರ್ ತರಬಹುದು’ ಎಂಬ 2ಬಿ ಗುಂಪಿಗೆ ಹೋದರೆ, ಇದನ್ನು ಅದಕ್ಕಿಂತ ಮೇಲಿನ, ‘ಬಹುಶಃ ಕ್ಯಾನ್ಸರ್ ತರುತ್ತದೆ’ ಎಂಬ 2ಎ ಗುಂಪಿಗೆ ಏರಿಸಿದ್ದರು. ಈ ಮೀಥೈಲ್ ಯುಜಿನಾಲ್ ಕೆಲವು ತುಳಸಿಗಳ ಎಣ್ಣೆಯಲ್ಲಿ ಮುಖ್ಯ ಅಂಶ. ಬೇರೆ ಕೆಲವದರಲ್ಲಿ ಹೆಸರಿಗೆ ಮಾತ್ರ. ಯಾವ ಹೊಲದ ತುಳಸಿಯಲ್ಲಿ ಏನಿದೆ ಎನ್ನುವುದು ಇದರಿಂದಾಗಿ ದರದ ಪ್ರಶ್ನೆಯೂ ಆಗಿಬಿಟ್ಟಿದೆ.

ತೊಗರಿಯಿಂದ ಬಂದ ನಂಬಿಕೆ

ಈ ಭಾಗದಲ್ಲಿ ಸುಗಂಧ ಬೆಳೆಯ ಮಾತು ಎದ್ದದ್ದಕ್ಕೆ ಕಾರಣ ದೂರ ಹುಡುಕಬೇಕಿಲ್ಲ. 2022-23ರ ಹಂಗಾಮಿನಲ್ಲಿ ನೆಟೆ ರೋಗ ಬಂದು ಕಲಬುರಗಿಯ ತೊಗರಿ ಹೊಲಗಳು ನಿಂತಲ್ಲೇ ಒಣಗಿದವು. ಒಂದೇ ಬೆಳೆ ನಂಬಿ ಕೂತರೆ ಏನಾಗುತ್ತದೆ ಎಂದು ಎಲ್ಲರಿಗೂ ಕಂಡಿತು. ಬದಲಿ ಹುಡುಕುವವರಿಗೆ ದನ ಬಾಯಿ ಹಾಕದ, ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ ಕೊಯ್ಯಬಹುದಾದ ಹುಲ್ಲು ಕಣ್ಣಿಗೆ ಬೀಳುವುದು ಸಹಜ. ಕೇಂದ್ರದ ವೈಜ್ಞಾನಿಕ ಸಂಶೋಧನಾ ಮಂಡಳಿ ಸಿಎಸ್‌ಐಆರ್ 2017ರಲ್ಲಿ ಸುಗಂಧ ಬೆಳೆ ಹರಡಲು ಅರೋಮಾ ಮಿಷನ್ ಶುರು ಮಾಡಿದ ಮೇಲೆ ಸಸಿ, ತರಬೇತಿ, ಬಟ್ಟಿ ಇಳಿಸುವ ಘಟಕಗಳ ಸುದ್ದಿಯೂ ಹೆಚ್ಚಾಯಿತು. ಇದರ ಮುಂಚೂಣಿಯಲ್ಲಿರುವ ಲಖನೌದ ಸಿಮ್ಯಾಪ್ ಎಂಬ ಔಷಧಿ, ಸುಗಂಧ ಸಸ್ಯಗಳ ಸಂಶೋಧನಾ ಸಂಸ್ಥೆಗೆ ಬೆಂಗಳೂರಿನಲ್ಲೂ ಹೈದರಾಬಾದಿನ ಬೋಡುಪ್ಪಲ್‌ನಲ್ಲೂ ಕೇಂದ್ರಗಳಿವೆ. ಬೀದರಿನವರಿಗೆ ಬೋಡುಪ್ಪಲ್ ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಇನ್ನೊಂದು ಕಾರಣ ಸ್ವಲ್ಪ ಸೂಕ್ಷ್ಮ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆ, ಅಂದರೆ ಈ ಸೀಮೆಯದೇ ಮಾಲು ಎಂಬ ಜಿಐ ಗುರುತು ಸಿಕ್ಕಿತು. ಇಲ್ಲಿನ ಮಣ್ಣಿನ ಸುಣ್ಣ, ಪೊಟ್ಯಾಶ್ ಬೇಳೆಗೆ ರುಚಿ ಕೊಡುತ್ತವೆ ಎಂಬುದು ಅದರ ಹಿಂದಿನ ವಾದ. ಕಮಲಾಪುರದ ಕೆಂಪು ಬಾಳೆಗೂ ಇಂಥದ್ದೇ ಗುರುತು ಇದೆ. ಬೀದರಿನಲ್ಲಂತೂ ಕೋಟೆಯ ಹಳೆ ಮಣ್ಣಿಲ್ಲದೆ ಬಿದ್ರಿ ಪಾತ್ರೆಗೆ ಆ ಕಪ್ಪು ಏರುವುದಿಲ್ಲ ಎನ್ನುತ್ತಾರೆ. ಮಣ್ಣು ಕೆಲಸ ಮಾಡುತ್ತದೆ ಎಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬೇಳೆಯ ರುಚಿಗೆ ಹೊಂದುವ ಲೆಕ್ಕ ಎಲೆಯ ಎಣ್ಣೆಗೆ ಹಾಗೇ ಹೊಂದುವುದಿಲ್ಲ. ಅಲ್ಲಿ ಮಣ್ಣಿಗಿಂತ ಮೊದಲು ಮಾತಾಡುವುದು ತಳಿ.

ಗಿಡಕ್ಕೆ ಎಣ್ಣೆ ಯಾಕೆ ಬೇಕು?

ಶೇಂಗಾ ಎಣ್ಣೆಯಂತೆ ಇದು ಆಹಾರದ ದಾಸ್ತಾನಲ್ಲ. ತುಳಸಿ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೇಲ್ಮೈಯಲ್ಲಿ ಸಣ್ಣ ಸಣ್ಣ ಗ್ರಂಥಿಗಳು ಕಾಣುತ್ತವೆ. ಎಣ್ಣೆ ಇರುವುದು ಅವುಗಳಲ್ಲಿ. ಅಜವಾನ, ಜೀರಿಗೆ, ಹವೀಜ ಅಂದರೆ ಕೊತ್ತಂಬರಿ ಬೀಜದಲ್ಲಿ ಕಾಳಿನ ಸಿಪ್ಪೆಯೊಳಗೆ ಸಣ್ಣ ನಾಳಗಳಿರುತ್ತವೆ. ಶ್ರೀಗಂಧದಲ್ಲಿ ಕಾಂಡದ ನಡುವಿನ ಚೇಗಿನಲ್ಲಿ. ಹುಳ ಓಡಿಸಲು, ಬೂಷ್ಟು ತಡೆಯಲು, ಜೇನು ಕರೆಯಲು ಗಿಡ ಇದನ್ನು ಮಾಡಿಕೊಳ್ಳುತ್ತದೆ. ಪರಿಮಳ ಬರುವುದು ಒಂದೇ ವಸ್ತುವಿನಿಂದಲ್ಲ. ಹತ್ತಾರು ವಸ್ತುಗಳ ಮಿಶ್ರಣ ಅದು. ದರ ನಿಲ್ಲುವುದು ಅದರಲ್ಲಿ ಒಂದೆರಡು ಮುಖ್ಯ ವಸ್ತು ಎಷ್ಟು ಶೇಕಡಾ ಇದೆ ಎನ್ನುವುದರ ಮೇಲೆ. ಅಜವಾನಕ್ಕೆ ಥೈಮಾಲ್, ಮಜ್ಜಿಗೆ ಹುಲ್ಲಿಗೆ ಸಿಟ್ರಾಲ್, ಪಾಮರೋಸಕ್ಕೆ ಜಿರೇನಿಯಾಲ್.

ಅಂದರೆ ಒಂದು ಡಬ್ಬಿ ಎಣ್ಣೆಯ ಬಗ್ಗೆ ಎರಡು ಬೇರೆ ಪ್ರಶ್ನೆಗಳಿವೆ. ಎಷ್ಟು ಎಣ್ಣೆ ಬಂತು? ಎಂಥ ಎಣ್ಣೆ ಬಂತು? ಮೇಲಿನ ಎರಡೂ ವಿಡಿಯೊಗಳು ಇವೆರಡನ್ನು ಕಲಸಿಬಿಡುತ್ತವೆ. ಅರ್ಧ ಗೊಂದಲ ಅಲ್ಲೇ ಹುಟ್ಟುತ್ತದೆ.

ಎಂಥ ಎಣ್ಣೆ ಎಂಬುದು ಹೆಚ್ಚಾಗಿ ಹುಟ್ಟುಗುಣ

ತುಳಸಿಯನ್ನೇ ತಗೊಳ್ಳಿ. ಗಿಡ ಮೊದಲು ಯುಜಿನಾಲ್ ಮಾಡುತ್ತದೆ. ಲವಂಗದ ವಾಸನೆ ಇದರದ್ದೇ. ಕೆಲವು ತಳಿಗಳಲ್ಲಿ ಇನ್ನೊಂದು ಕಿಣ್ವ ಇರುತ್ತದೆ. ಅದು ಯುಜಿನಾಲ್‌ಗೆ ಒಂದು ಸಣ್ಣ ತುಣುಕು ಜೋಡಿಸಿ ಮೀಥೈಲ್ ಯುಜಿನಾಲ್ ಮಾಡಿಬಿಡುತ್ತದೆ. ಆ ಕಿಣ್ವ ಜೋರಾಗಿ ಕೆಲಸ ಮಾಡುವ ತಳಿಯನ್ನು ಆಳಂದದಲ್ಲಿ ನೆಟ್ಟರೂ ಅಸ್ಸಾಮಿನಲ್ಲಿ ನೆಟ್ಟರೂ ಮೀಥೈಲ್ ಯುಜಿನಾಲ್ ಬರುತ್ತದೆ. ಪ್ರಮಾಣ ಹೆಚ್ಚು ಕಡಿಮೆ ಆಗಬಹುದು ಅಷ್ಟೇ. ಎಲೆ ಹಸಿರೋ ನೇರಳೆಯೋ, ಅಂದರೆ ಶ್ರೀತುಳಸಿಯೋ ಕೃಷ್ಣ ತುಳಸಿಯೋ ಎಂದು ನೋಡಿ ಇದನ್ನು ಹೇಳಲಾಗದು.

ಇಲ್ಲಿ ಎಲೆ ತಿನ್ನುವವರು ಗಾಬರಿಯಾಗಬೇಕಿಲ್ಲ. 2ಎ ಎನ್ನುವುದು ಪುರಾವೆ ಎಷ್ಟು ಗಟ್ಟಿ ಎಂದು ಹೇಳುತ್ತದೆಯೇ ಹೊರತು ಎಷ್ಟು ತಿಂದರೆ ಅಪಾಯ ಎಂದು ಹೇಳುವುದಿಲ್ಲ. ಕಷಾಯಕ್ಕೆ ಹಾಕುವ ನಾಲ್ಕು ಎಲೆಗೂ ಕ್ವಿಂಟಲ್‌ಗಟ್ಟಲೆ ಸೊಪ್ಪು ಬಟ್ಟಿ ಇಳಿಸಿ ತೆಗೆದ ಎಣ್ಣೆಗೂ ಹೋಲಿಕೆಯೇ ಇಲ್ಲ. ಪೆಟ್ಟು ಬೀಳುವುದು ವ್ಯಾಪಾರಕ್ಕೆ. ಯುರೋಪಿಯನ್ ಒಕ್ಕೂಟದ ಸೌಂದರ್ಯವರ್ಧಕ ನಿಯಮದಲ್ಲಿ ಮೈಗೆ ಹಚ್ಚಿ ಬಿಡುವ ಕ್ರೀಮಿನಂಥ ವಸ್ತುಗಳಿಗೆ ಮೀಥೈಲ್ ಯುಜಿನಾಲ್ ಮಿತಿ 0.0002%. ತೊಳೆದು ಹೋಗುವ ಸೋಪಿನಂಥವಕ್ಕೆ 0.001%. ಇಷ್ಟು ಬಿಗಿ ಇರುವಾಗ ಕೊಳ್ಳುವವನು ತುಳಸಿ ಎಣ್ಣೆ ಎಂಬ ಹೆಸರಿಗೆ ದುಡ್ಡು ಕೊಡುವುದಿಲ್ಲ. ಯಾವ ತುಳಸಿ ಎಂದು ಕೇಳುತ್ತಾನೆ.

ಪಾಮರೋಸದ ಕಥೆ ಇದಕ್ಕಿಂತ ಹಳೆಯದು. ಮಹಾರಾಷ್ಟ್ರದ ಖಾನ್‌ದೇಶ, ಮಧ್ಯಪ್ರದೇಶದ ನಿಮಾಡ್ ಕಡೆಯ ಗುಡ್ಡಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಈ ರೋಶಾ ಹುಲ್ಲಿನ ಎಣ್ಣೆ ಬೊಂಬಾಯಿ ಬಂದರಿನಿಂದ ತುರ್ಕಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಗುಲಾಬಿ ಎಣ್ಣೆಗೆ ಬೆರೆಸುತ್ತಿದ್ದರು. (ಕಲಬೆರಕೆಗೂ ಒಳ್ಳೆ ಮಾಲೇ ಬೇಕು, ಅಲ್ವಾ?) ಈ ಹುಲ್ಲಿನಲ್ಲಿ ಎರಡು ಬಗೆ: ಮೋತಿಯಾ, ಸೋಫಿಯಾ. ನೋಡಲು ಒಂದೇ. ಮೋತಿಯಾ ಒಣ, ನೀರು ನಿಲ್ಲದ ಇಳಿಜಾರಿನಲ್ಲಿ ಸಿಗುತ್ತಿತ್ತು. ಸೋಫಿಯಾ ತೇವ ಇರುವ ತಗ್ಗಿನಲ್ಲಿ. ಮೋತಿಯಾದಲ್ಲಿ ಜಿರೇನಿಯಾಲ್ 75ರಿಂದ 90% ಇರುತ್ತದೆ. ಸೋಫಿಯಾದಲ್ಲಿ ತೀರ ಕಡಿಮೆ, ದರವೂ ಹಾಗೇ. ಬೆಳೆಯುವ ಜಾಗ ಬೇರೆ ಇದ್ದದ್ದರಿಂದ ಜಾಗವೇ ಎಣ್ಣೆ ಬದಲಿಸಿತು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಇವೆರಡು ಬೇರೆ ಬೇರೆ ತಳಿಗಳು. ಒಂದರ ಜಾಗದಲ್ಲಿ ಇನ್ನೊಂದನ್ನು ನೆಟ್ಟರೆ ಅದು ತನ್ನ ಎಣ್ಣೆಯನ್ನೇ ಕೊಡುತ್ತದೆ. ಬೀಜ ಕೊಳ್ಳುವಾಗ ಮೋತಿಯಾಕ್ಕೆ ಸೋಫಿಯಾ ಸೇರಿದ್ದರೆ ಮಣ್ಣಿಗೆ ಎಷ್ಟು ಗೊಬ್ಬರ ಹಾಕಿದರೂ ಉಪಯೋಗ ಇಲ್ಲ.

ಎಲ್ಲಕ್ಕಿಂತ ಗಟ್ಟಿ ಉದಾಹರಣೆ ಬಜೆ. ನಮ್ಮ ಮನೆಗಳಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಅದೇ ಬೇರು. ಉತ್ತರ ಅಮೆರಿಕದ ಬಜೆಯಲ್ಲಿ ಬೀಟಾ ಅಸರೋನ್ ಎಂಬ ವಸ್ತು ಇರುವುದೇ ಇಲ್ಲ. ಯುರೋಪಿನದರಲ್ಲಿ ಸ್ವಲ್ಪ. ಭಾರತ ಮತ್ತು ಪೂರ್ವ ಏಷ್ಯಾದ ಬಗೆಗಳಲ್ಲಿ ಎಣ್ಣೆಯ ಬಹುಪಾಲು ಅದೇ ಇರಬಹುದು. ಭಾರತದ ಬಜೆ ಎಣ್ಣೆ ತಿನ್ನಿಸಿದ ಇಲಿಗಳಲ್ಲಿ ಗಡ್ಡೆ ಕಂಡ ಮೇಲೆ ಅಮೆರಿಕ 1968ರಲ್ಲಿ ಆಹಾರದಲ್ಲಿ ಬಜೆಯನ್ನೇ ನಿಷೇಧಿಸಿತು. ಮೇಲ್ನೋಟಕ್ಕೆ ಇದು ದೇಶದಿಂದ ದೇಶಕ್ಕೆ ಇರುವ ವ್ಯತ್ಯಾಸ. ಒಳಗೆ ನೋಡಿದರೆ ಹುಟ್ಟುಗುಣ ಹೊರುವ ಕ್ರೋಮೋಸೋಮುಗಳ ಲೆಕ್ಕ: ಅಮೆರಿಕದ ಗಿಡದಲ್ಲಿ ಅವುಗಳ ಎರಡು ಕಟ್ಟು, ಯುರೋಪಿನದರಲ್ಲಿ ಮೂರು, ಬೀಟಾ ಅಸರೋನ್ ತುಂಬಿದ ಏಷ್ಯಾದ ಬಗೆಯಲ್ಲಿ ನಾಲ್ಕು.

ಎಷ್ಟು ಎಣ್ಣೆ ಎಂಬುದರಲ್ಲಿ ಬಿಸಿಲಿನ ಪಾಲು

ಹಾಗಾದರೆ ಬಿಸಿಲು, ಮಳೆ, ಮಣ್ಣು ಏನೂ ಮಾಡುವುದಿಲ್ಲವೇ? ಮಾಡುತ್ತವೆ. ಬಿಸಿಲು ಹೆಚ್ಚಿದಷ್ಟೂ ಎಣ್ಣೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಪಾಯದ ಮಾತು.

ನೀರು ಸ್ವಲ್ಪ ಕಡಿಮೆಯಾದಾಗ ಗಿಡ ಮೊದಲು ನಿಲ್ಲಿಸುವುದು ಬೆಳವಣಿಗೆಯನ್ನು. ಬಿಸಿಲಿನಿಂದ ಸಕ್ಕರೆ ಮಾಡುವ ಕೆಲಸ ಇನ್ನೂ ಸ್ವಲ್ಪ ಕಾಲ ನಡೆಯುತ್ತದೆ. ಹೊಸ ಎಲೆಗೆ ಹೋಗದೆ ಉಳಿದ ಆ ಸಕ್ಕರೆಯ ಒಂದು ಪಾಲು ಎಣ್ಣೆಯಂಥ ರಕ್ಷಣೆಯ ವಸ್ತುಗಳಿಗೆ ಹೋಗುತ್ತದೆ. ಎಲೆಯೂ ಸಣ್ಣದಾಗುವುದರಿಂದ ಗ್ರಂಥಿಗಳು ಒತ್ತೊತ್ತಾಗಿರುತ್ತವೆ. ಹೀಗಾಗಿ ಒಂದು ಕಿಲೋ ಎಲೆಯಲ್ಲಿ ಸಿಗುವ ಎಣ್ಣೆ ಹೆಚ್ಚುತ್ತದೆ. ಬಿಸಿಲಿನ ಪರ ಮಾತಾಡುವವರು ತೋರಿಸುವುದು ಈ ಶೇಕಡಾವನ್ನು.

ಅವರು ಹೇಳದೆ ಬಿಡುವುದು ಎಕರೆ ಲೆಕ್ಕ. ಸುಮ್ನೆ ಒಂದು ಉದಾಹರಣೆ ಹಿಡಿಯೋಣ. ನೀರು ಕೊಟ್ಟ ಹೊಲದಲ್ಲಿ 10 ಟನ್ ಹುಲ್ಲು ಬಂತು, ಎಣ್ಣೆ 0.5%. ಅಂದರೆ 50 ಕಿಲೋ. ಪಕ್ಕದ ಮಳೆಯಾಶ್ರಿತ ಹೊಲದಲ್ಲಿ ಎಣ್ಣೆ 0.8%ಕ್ಕೆ ಏರಿತು, ಹುಲ್ಲು ಮಾತ್ರ 4 ಟನ್. ಅಂದರೆ 32 ಕಿಲೋ. ಶೇಕಡಾ ಏರಿತು, ಎಣ್ಣೆ ಇಳಿಯಿತು. ಮಾರುವುದು ಕಿಲೋ ಲೆಕ್ಕದಲ್ಲಿ, ಶೇಕಡಾ ಲೆಕ್ಕದಲ್ಲಲ್ಲ. ಬರ ಇನ್ನೂ ಜೋರಾದರೆ ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಸಕ್ಕರೆಯೇ ಆಗುವುದಿಲ್ಲ, ಇದ್ದ ಎಣ್ಣೆಯೂ ಬಿಸಿಗೆ ಹಾರಿಹೋಗುತ್ತದೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಮುಟ್ಟುವ ಕಲಬುರಗಿಯಲ್ಲಿ ಈ ಗೆರೆ ದಾಟುವುದು ಕಷ್ಟವೇನಲ್ಲ.

ಹವೀಜ ಇದೇ ಮಾತನ್ನು ಇನ್ನೊಂದು ಕಡೆಯಿಂದ ಹೇಳುತ್ತದೆ. ರಷ್ಯಾ ಕಡೆಯ ಕೊತ್ತಂಬರಿ ಕಾಳು ಸಣ್ಣದು, ಎಣ್ಣೆ 0.8ರಿಂದ 1.8%. ನಮ್ಮ ದಪ್ಪ ಕಾಳಿನ ಬಗೆಯಲ್ಲಿ 0.1ರಿಂದ 0.35% ಮಾತ್ರ. ಮಸಾಲೆಗೆ, ತೂಕಕ್ಕೆ, ನೋಟಕ್ಕೆ ನಮ್ಮದೇ ಮೇಲು. ಎಣ್ಣೆ ತೆಗೆಯುವ ಕಾರ್ಖಾನೆಗೆ ಅದು ಬೇಡ. ಅಡತಿ ಅಂಗಡಿಯಲ್ಲಿ ಮೊದಲ ದರ್ಜೆ ಎನಿಸಿಕೊಂಡ ಮಾಲು ಇನ್ನೊಬ್ಬ ಕೊಳ್ಳುಗನಿಗೆ ಕೊನೆಯ ದರ್ಜೆ. ಇದರಲ್ಲಿ ತಳಿಯ ಪಾಲೂ ಇದೆ, ತಂಪಾದ ಹವೆಯಲ್ಲಿ ನಿಧಾನವಾಗಿ ಮಾಗುವುದರ ಪಾಲೂ ಇದೆ.

ರಾತ್ರಿಯ ತಂಪು ಎಣ್ಣೆಯ ಗುಣವನ್ನೂ ಮುಟ್ಟುತ್ತದೆ. ಪೆಪ್ಪರ್‌ಮಿಂಟ್ ಪುದೀನಕ್ಕೆ ಉದ್ದ ಹಗಲು, ತಂಪು ರಾತ್ರಿ ಬೇಕು. ರಾತ್ರಿ ಸೆಕೆಯಾದರೆ ಹಗಲು ಕೂಡಿಸಿದ ಸಕ್ಕರೆಯನ್ನು ಗಿಡ ಉಸಿರಾಡಿಯೇ ಕಳೆಯುತ್ತದೆ. ಎಣ್ಣೆಯಲ್ಲಿ ಮೆಂಥಾಲ್ ಕಡೆಗೆ ಹೋಗಬೇಕಾದದ್ದು ಮೆಂಥೋಫ್ಯೂರಾನ್ ಎಂಬ ಬೇಡದ ವಸ್ತುವಿನ ಕಡೆಗೆ ತಿರುಗುತ್ತದೆ. ಲ್ಯಾವೆಂಡರ್ ಕನಸಿಗೂ ಉತ್ತರ ಇದರಲ್ಲೇ ಇದೆ. ದೋಡಾದ ಚಳಿ ಇಲ್ಲಿಲ್ಲ. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಬೀದರ್ ಕಲಬುರಗಿಗಿಂತ ಸ್ವಲ್ಪ ತಂಪು, ನಿಜ. ಆ ಸ್ವಲ್ಪ ತಂಪು ಲ್ಯಾವೆಂಡರ್‌ಗೆ ಸಾಲದು.

ಎರೆ, ಮಸಾರಿ, ಸವುಳು

ಮಣ್ಣಿನ ಪಾತ್ರ ವಿಡಿಯೊಗಳಲ್ಲಿ ಹೇಳುವಷ್ಟು ನಿಗೂಢ ಅಲ್ಲ. ಅದು ಬಹುಪಾಲು ನೀರು ಮತ್ತು ಬೇರಿನ ವಿಷಯ. ಕಲಬುರಗಿಯ ಎರೆ, ಅಂದರೆ ಕಪ್ಪು ಮಣ್ಣಿನ ಹೊಲ ಮಳೆಗಾಲದಲ್ಲಿ ನೀರು ಹಿಡಿದು ಕೂರುತ್ತದೆ. ತೊಗರಿಯೇ ಅಲ್ಲಿ ಒದ್ದಾಡುತ್ತದೆ, ಇನ್ನು ನಿಂತ ನೀರು ತಡೆಯದ ಮಜ್ಜಿಗೆ ಹುಲ್ಲಿನ ಪಾಡೇನು? ಲಾವಂಚದ ಎಣ್ಣೆ ಇರುವುದು ಬೇರಿನಲ್ಲಿ. ಒಣಗಿದ ಎರೆಯಿಂದ ಆ ಬೇರನ್ನು ಕೀಳಲು ಹೋದರೆ ಅರ್ಧ ಅಲ್ಲೇ ಉಳಿಯುತ್ತದೆ, ಬಂದ ಬೇರಿಗೆ ಅಂಟಿದ ಮಣ್ಣು ತೊಳೆಯುವುದೇ ಒಂದು ಕೆಲಸ. ಲಾವಂಚಕ್ಕೆ ಮರಳು ಬೆರೆತ ನೆಲ ಬೇಕು.

ಸೇಡಂ, ಶಹಾಬಾದ್ ಕಡೆ ಸುಣ್ಣಕಲ್ಲಿನ ನೆಲ. ಸುಣ್ಣ ಜಾಸ್ತಿ ಇದ್ದರೆ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಬೇರಿಗೆ ಸಿಗುವುದಿಲ್ಲ. ಎಲೆ ಹಳದಿಯಾಗಿ, ಆಮೇಲೆ ಬಿಳಿಚಿಕೊಳ್ಳುತ್ತದೆ. ಸೊಪ್ಪೇ ಸಿಗದಿದ್ದರೆ ಎಣ್ಣೆ ಎಲ್ಲಿಂದ? ಯಾದಗಿರಿಯಲ್ಲಿ ನಾರಾಯಣಪುರ ಕಾಲುವೆ ನೀರು ಬಂದ ಮೇಲೆ ಕೆಲವು ಕಡೆ ನೆಲ ಸವುಳಾಗಿದೆ. ಅಲ್ಲಿ ಪಾಮರೋಸಕ್ಕೆ ಒಂದು ಅವಕಾಶ ಇದೆ ಎಂದೇ ಹೇಳಬೇಕು. ಕ್ಷಾರ ಮಣ್ಣನ್ನು ಅದು ಬೇರೆ ಎಷ್ಟೋ ಬೆಳೆಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದ ಮಸಾರಿ, ಅಂದರೆ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಮಜ್ಜಿಗೆ ಹುಲ್ಲಿಗೆ ಮೂರು ಜಿಲ್ಲೆಗಳಲ್ಲಿ ಹೆಚ್ಚು ಒಗ್ಗುವುದು ಅಂಥ ಮಣ್ಣೇ.

ಒಲೆಯ ಮೇಲೆ ಕಳೆದುಹೋಗುವ ಗುಣ

ತಳಿ ಸರಿ ಇದ್ದು, ಹೊಲ ಸರಿ ಇದ್ದು, ಎಣ್ಣೆ ಮಾತ್ರ ಕೆಳದರ್ಜೆ ಬಂದರೆ ಊರಿನ ಮಣ್ಣನ್ನು ದೂರುವವರೇ ಹೆಚ್ಚು. ಕೊಯ್ಲಿನ ದಿನ ಯಾರಿಗೂ ನೆನಪಾಗುವುದಿಲ್ಲ. ಇಟಲಿಯ ಜಿನೋವಾ ಬಗೆಯ ಕಾಮಕಸ್ತೂರಿಯಲ್ಲಿ ಗಿಡ 10 ಸೆಂಟಿಮೀಟರ್ ಒಳಗಿರುವಾಗ ಎಣ್ಣೆಯಲ್ಲಿ ಮೀಥೈಲ್ ಯುಜಿನಾಲ್ ಮೇಲುಗೈ. ಇನ್ನೊಂದಷ್ಟು ಎತ್ತರ ಬೆಳೆದ ಮೇಲೆ ಅದು ಇಳಿದು ಯುಜಿನಾಲ್ ಹೆಚ್ಚುತ್ತದೆ. ಅದೇ ಗಿಡ, ಅದೇ ಮಡಿ, ಕೆಲವು ವಾರಗಳ ಅಂತರ. ಎಳೆ ಹವೀಜಕ್ಕೆ ತಿಗಣೆ ವಾಸನೆ ಇರುತ್ತದೆ, ಮಾಗಿದಂತೆ ಲಿನಲೂಲ್ ಏರಿ ಪರಿಮಳ ಬರುತ್ತದೆ. ಇದನ್ನು ರಾಶಿ ಮಾಡುವ ಪ್ರತಿ ಮನೆಯವರೂ ಮೂಗಿನಿಂದಲೇ ಬಲ್ಲರು.

ಬಟ್ಟಿ ಇಳಿಸುವಾಗ ಹಬೆಯನ್ನು ತಣ್ಣೀರಿನ ಕೊಳವೆಯಲ್ಲಿ ಹಾಯಿಸಿ ಮತ್ತೆ ದ್ರವ ಮಾಡಬೇಕು. ಬೇಸಿಗೆಯಲ್ಲಿ ತೊಟ್ಟಿಯ ನೀರೇ ಬೆಚ್ಚಗಿದ್ದರೆ ಹಬೆ ಸರಿಯಾಗಿ ತಣಿಯದೆ ಹಗುರ ಅಂಶಗಳು ಗಾಳಿಗೆ ಹೋಗುತ್ತವೆ. ಒಣ ಸೀಮೆಯ ಬೆಳೆ ಎಂದು ಹೇಳುವಾಗ ಈ ತಣಿಸುವ ನೀರನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ತುಕ್ಕು ಹಿಡಿದ ಕಬ್ಬಿಣದ ಹಂಡೆಯಿಂದ ಬಣ್ಣ ಕೆಡುತ್ತದೆ. ತಗಡಿನ ಶೆಡ್ಡಿನಲ್ಲಿ ಅರ್ಧ ತುಂಬಿದ ಡ್ರಮ್ ಇಟ್ಟರೆ ಗಾಳಿ, ಬಿಸಿ ಎರಡೂ ಸೇರಿ ಸಿಟ್ರಾಲ್ ಇಳಿಯುತ್ತದೆ. ಮಜ್ಜಿಗೆ ಹುಲ್ಲಿನ ಎಣ್ಣೆ ಕೊಳ್ಳುವವರು ಸಾಮಾನ್ಯವಾಗಿ 75%ಕ್ಕಿಂತ ಮೇಲೆ ಸಿಟ್ರಾಲ್ ಕೇಳುತ್ತಾರೆ. ಎಣ್ಣೆಯಲ್ಲಿ ಯಾವ ವಸ್ತು ಎಷ್ಟಿದೆ ಎಂದು ತೋರಿಸುವ ಪ್ರಯೋಗಾಲಯದ ಜಿಸಿ ರಿಪೋರ್ಟಿನಲ್ಲಿ ಅದು ಕಡಿಮೆ ಕಂಡರೆ ಕಾರಣ ಹೊಲದಲ್ಲಿದೆಯೋ ಶೆಡ್ಡಿನಲ್ಲಿದೆಯೋ ಎಂದು ರಿಪೋರ್ಟು ಹೇಳುವುದಿಲ್ಲ.

ಯಾರ ವಾದ ಎಷ್ಟು ನಿಲ್ಲುತ್ತದೆ?

ತವರು ನೆಲದ ವಾದ ಮಾಡುವವರು ಆಯುರ್ವೇದವನ್ನು ಮುಂದಿಡುತ್ತಾರೆ. ಚರಕ ಸಂಹಿತೆ ನೆಲವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರಾಗಿ ವಿಂಗಡಿಸುತ್ತದೆ. ಔಷಧಿಗೆ ಹಿಮಾಲಯ ಶ್ರೇಷ್ಠ ಎಂದೂ ಹೇಳುತ್ತದೆ. ಅದೇ ಗ್ರಂಥ ಗಿಡಮೂಲಿಕೆಯನ್ನು ಸಾಧಾರಣ ಅಥವಾ ಜಾಂಗಲ ನೆಲದಿಂದ ತರಬಹುದು ಎನ್ನುತ್ತದೆ. ಜಾಂಗಲ ಎಂದರೆ ಮಳೆ ಕಡಿಮೆಯ ಬಯಲು, ಹೆಚ್ಚು ಕಡಿಮೆ ನಮ್ಮಂಥದ್ದು. ಹಾಗಾಗಿ ಬಯಲಿನದು ಬರೀ ಸೊಪ್ಪು ಎಂಬ ಮಾತಿಗೆ ಶಾಸ್ತ್ರದ ಬೆಂಬಲವೂ ಪೂರ್ತಿ ಇಲ್ಲ. ಕಾಲ ನೋಡಿ ಕೀಳಬೇಕು ಎಂಬ ಅಲ್ಲಿನ ಮಾತು ಮಾತ್ರ ಇವತ್ತಿನ ರಸಾಯನಶಾಸ್ತ್ರಕ್ಕೂ ಒಪ್ಪಿಗೆ.

ಬಿಸಿಲಿನ ವಾದ ಸಸಿ ಮಾರುವವರಿಗೆ ಅನುಕೂಲ. ಶೇಕಡಾ ತೋರಿಸಿದರೆ ಸಸಿ ಹೋಗುತ್ತದೆ. ಎಕರೆಗೆ ಎಷ್ಟು ಕಿಲೋ, ಎಷ್ಟು ನೀರಿಗೆ, ಬಟ್ಟಿ ಘಟಕ ಎಷ್ಟು ದೂರ ಎಂದು ಕೇಳಿದರೆ ಮಾತು ನಿಧಾನವಾಗುತ್ತದೆ. ಹಸಿ ಹುಲ್ಲನ್ನು 50 ಕಿಲೋಮೀಟರ್ ಟ್ರ್ಯಾಕ್ಟರಿನಲ್ಲಿ ಸಾಗಿಸಿದರೆ ಬಾಡಿಗೆಯೇ ಲಾಭ ತಿನ್ನುತ್ತದೆ. ಹೊರೆಯ 99 ಪಾಲಿಗೂ ಹೆಚ್ಚು ಎಣ್ಣೆಯಲ್ಲದ್ದು.

ತಳಿಯೇ ಎಲ್ಲ ಎನ್ನುವವರ ಮಾತು ಇವೆರಡಕ್ಕಿಂತ ಗಟ್ಟಿ. ಒಂದು ತಕರಾರು ಮಾತ್ರ ಉಳಿಯುತ್ತದೆ. ಬೇರೆ ಸೀಮೆಗೆಂದು ಆರಿಸಿದ ತಳಿ ಇಲ್ಲಿ ಅದೇ ಬಗೆಯ ಎಣ್ಣೆ ಕೊಟ್ಟರೂ ಅಷ್ಟೇ ಎಣ್ಣೆ ಕೊಡುತ್ತದೆ ಎನ್ನಲಾಗದು. ಮಜ್ಜಿಗೆ ಹುಲ್ಲಿನ ಸುಗಂಧಿ ತಳಿ ಬಂದದ್ದು ಕೇರಳದ ಓಡಕ್ಕಾಲಿಯಿಂದ. ಅಲ್ಲಿನ ಮಳೆಯೇ ಬೇರೆ. ಅದನ್ನು ಜೇವರ್ಗಿಯ ಎರೆಯಲ್ಲಿ ಹಾಕುವ ಮೊದಲು ಹತ್ತು ಗುಂಟೆಯಲ್ಲಿ ಒಂದು ವರ್ಷ ನೋಡಿ, ಮುಂಗಾರಿನ ಕೊಯ್ಲು, ಹಿಂಗಾರಿನ ಕೊಯ್ಲು ಎರಡನ್ನೂ ಬೇರೆ ಬೇರೆ ಪರೀಕ್ಷೆಗೆ ಕಳಿಸುವುದು ಕಡಿಮೆ ಖರ್ಚಿನ ದಾರಿ.

ಮುಂದೆ ಏನಾಗಬಹುದು?

ಕೊಳ್ಳುವವರ ಕಡೆಯಿಂದ ಪರೀಕ್ಷೆ ಬಿಗಿಯಾಗುತ್ತಾ ಹೋಗುವುದು ಬಹುತೇಕ ಖಚಿತ. ಆಗ ಹತ್ತು ಮನೆಯ ಎಣ್ಣೆಯನ್ನು ಒಂದೇ ಡ್ರಮ್ಮಿಗೆ ಸುರಿದು ಮಾರುವ ರೂಢಿ ರೈತರಿಗೇ ತಿರುಗುಬಾಣ. ಒಬ್ಬರ ಹೊಲದಲ್ಲಿ ಮೀಥೈಲ್ ಯುಜಿನಾಲ್ ತಳಿ ಸೇರಿದ್ದರೂ ಇಡೀ ಡ್ರಮ್ ವಾಪಸು ಬರುತ್ತದೆ. ಒಂದೇ ತಳಿಯ ಸಸಿಯನ್ನು ಒಂದು ಊರಿನವರೆಲ್ಲ ಒಟ್ಟಿಗೆ ತಂದು, ಒಟ್ಟಿಗೆ ಕೊಯ್ದು, ಪಕ್ಕದಲ್ಲೇ ಬಟ್ಟಿ ಇಳಿಸುವ ಗುಂಪುಗಳು ಉಳಿಯಬಹುದು. ಒಬ್ಬೊಬ್ಬರೇ ಒಂದೊಂದು ಎಕರೆ ಹಾಕಿದವರು ಮೂರನೇ ವರ್ಷಕ್ಕೆ ಹುಲ್ಲು ಕಿತ್ತು ಮತ್ತೆ ತೊಗರಿ ಬಿತ್ತುವ ಸಾಧ್ಯತೆ ಹೆಚ್ಚು.

ನಿಧಾನವಾಗಿ ಬರುತ್ತಿರುವ ಪ್ರಶ್ನೆ ಶ್ರೀಗಂಧದ್ದು. ರಾಜ್ಯದ ಅರಣ್ಯ ಕಾಯ್ದೆಗೆ 2001ರಲ್ಲಿ ತಿದ್ದುಪಡಿ ಬಂದ ಮೇಲೆ ಹೊಲದಲ್ಲಿರುವ ಗಂಧದ ಮರಕ್ಕೆ ಹೊಲದವರೇ ಒಡೆಯರು. ಗಂಧ ಅರೆ ಪರಾವಲಂಬಿ ಮರ. ಪಕ್ಕದ ಗಿಡದ ಬೇರಿನಿಂದ ಆಹಾರ ಎಳೆದುಕೊಳ್ಳುತ್ತದೆ. ಎಳೆ ಗಂಧಕ್ಕೆ ಆಸರೆಯಾಗಿ ತೊಗರಿಯನ್ನೇ ಹಾಕುವುದುಂಟು, ಆದ್ದರಿಂದ ಇಲ್ಲಿನವರಿಗೆ ಅದು ಪರಕೀಯ ಬೆಳೆ ಎನಿಸುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಂಧದೆಣ್ಣೆಯಲ್ಲಿ ಆಲ್ಫಾ ಸಂಟಲಾಲ್ 41ರಿಂದ 55%, ಬೀಟಾ ಸಂಟಲಾಲ್ 16ರಿಂದ 24% ಇರಬೇಕು. ಅದು ಇರುವುದು ಚೇಗಿನಲ್ಲಿ. ಕಲ್ಲು ನೆಲದಲ್ಲಿ ಕಷ್ಟಪಟ್ಟು ಬೆಳೆದ ಮರದಲ್ಲಿ ಚೇಗು ಚೆನ್ನಾಗಿ ಕೂರುತ್ತದೆ, ಫಲವತ್ತಾದ ನೆಲದಲ್ಲಿ ಮರ ದಪ್ಪಗಾದರೂ ಚೇಗು ಕಡಿಮೆ ಎಂಬುದು ಅರಣ್ಯ ಬಲ್ಲವರ ಹಳೆಯ ಮಾತು. ಇಲ್ಲಿ ಹನಿ ನೀರಾವರಿ ಮಾಡಿ, ಗೊಬ್ಬರ ಹಾಕಿ ಬೆಳೆಸಿದ ಮರಗಳು ವರ್ಷದಿಂದ ವರ್ಷಕ್ಕೆ ದಪ್ಪಗಾಗುತ್ತಿವೆ. ಹನ್ನೆರಡು, ಹದಿನೈದು ವರ್ಷ ದಾಟಿ ಕೊಡಲಿ ಬೀಳುವ ದಿನ ದಲ್ಲಾಳಿ ಅಳೆಯುವುದು ಮರದ ಸುತ್ತಳತೆಯನ್ನಲ್ಲ, ಬಿಳಿಯ ಹೊರಮೈ ಕೆತ್ತಿ ತೆಗೆದ ಮೇಲೆ ಉಳಿದ ಚೇಗಿನ ತೂಕವನ್ನು.